ಒಟ್ಟಿಗೆ ಸಿಕ್ಕಿದ್ದು

ಏಪ್ರಿಲ್ 5, ಶನಿವಾರ

ಇವತ್ತು ಸಂಜೆ ಅಣ್ಣ ಮಕ್ಕಳಿಬ್ಬರನ್ನೂ ತಂದು ಬಿಟ್ಟುಹೋದ. ಜೊತೆಗೆ ಎರಡು ಬ್ಯಾಗು, ಒಂದು ದಿಂಬು, ಒಂದು ಪಟ್ಟಿ. ಪಟ್ಟಿಯಲ್ಲಿ ಯಾರು ಏನು ತಿನ್ನಲ್ಲ ಅಂತ ಎರಡು ಪುಟ ಬರೆದಿದೆ. ಏನು ತಿಂತಾರೆ ಅಂತ ಒಂದು ಸಾಲೂ ಇಲ್ಲ.

ಅತ್ತಿಗೆಗೆ ಏಳು ತಿಂಗಳು ತುಂಬಿದೆ. ಹಾಸಿಗೆ ಬಿಟ್ಟು ಏಳಲೇಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ದೊಡ್ಡಾಸ್ಪತ್ರೆಗೆ ಸೇರಿಸಿಕೊಂಡಿದ್ದಾರೆ. ಅದಿರೋದು ಬೇರೆ ಊರಲ್ಲಿ, ಅಣ್ಣ ಅಲ್ಲೇ ಇರಬೇಕು. ಮಕ್ಕಳಿಗೆ ರಜೆ. ಹಾಗಾಗಿ ಉಳಿದವಳು ನಾನು, ಮದುವೆಯಿಲ್ಲ ಮಕ್ಕಳಿಲ್ಲ, ಕೈಬೀಸಿಕೊಂಡು ಇದ್ದೀನಲ್ಲ!

ಅಡುಗೆಮನೆಗೆ ಕರೆದು ಹೇಳಿಬಿಟ್ಟೆ: "ಹದಿನೈದು ದಿನ ಅಣ್ಣಾ. ಅದರ ಮೇಲೆ ಒಂದು ದಿನವೂ ನನ್ನ ಕೈಲಾಗಲ್ಲ."

ಅಣ್ಣ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಆಯ್ತು ಬಿಡು. ಆಮೇಲೆ ದೊಡ್ಡವಳನ್ನ ಅವಳ ದೊಡ್ಡಮ್ಮ ಕರ್ಕೊಂಡು ಹೋಗ್ತಾರೆ, ಚಿಕ್ಕವನನ್ನ ಅವನ ಮಾವ. ಇಬ್ಬರ ಮನೇಲೂ ಒಂದೊಂದು ಮಗೂಗೆ ಮಾತ್ರ ಜಾಗ. ಹತ್ತೊಂಬತ್ತನೇ ತಾರೀಕು ನೀನು ಅವರಿಬ್ಬರಿಗೂ ಒಂದು ಫೋನ್ ಮಾಡು ಸಾಕು, ಮಾರನೇ ದಿನ ಬರ್ತಾರೆ" ಅಂದ. ದೊಡ್ಡಮ್ಮ ಇರೋದು ಒಂದು ಊರು, ಮಾವ ಇರೋದು ಇನ್ನೊಂದು ದಿಕ್ಕು. ನಾನೇನು ಮಾಡಲಿ? ನನ್ನದು ಒಂದು ರೂಮು, ಒಂದು ಅಡುಗೆಮನೆ, ಒಂದು ಮಂಚ. ವಯಸ್ಸು ನಲವತ್ತನಾಲ್ಕು, ಆ ಮಂಚದಲ್ಲಿ ಒಬ್ಬಳೇ ಕೈಕಾಲು ಚಾಚಿ ಮಲಗಿ ಅಭ್ಯಾಸ.

ನಾವು ಹೊರಗೆ ಬಂದಾಗ ಇಬ್ಬರೂ ಶೂ ಬಿಚ್ಚದೆ ಸೋಫಾ ತುದಿಯಲ್ಲಿ ಕೂತಿದ್ದರು.

ಇನ್ನು ಹದಿನೈದು.

ಏಪ್ರಿಲ್ 6, ಭಾನುವಾರ

ಮಂಚ ಅವರಿಗೆ, ನೆಲ ನನಗೆ. ಸೊಂಟ ಹಿಡಿದಿದೆ.

ದೊಡ್ಡವಳಿಗೆ ಎಂಟು ವರ್ಷ. ಬಾಯಿ ಅಲ್ಲ ಅದು, ಕೋರ್ಟು. "ಅತ್ತೆ, ನೀವು 'ಹಾಲು ಕುಡಿದರೆ ಬಿಸ್ಕತ್ತು' ಅಂದ್ರಿ. ಎಷ್ಟು ಹಾಲು ಅಂತ ಹೇಳಲಿಲ್ಲ. ನಾನು ಒಂದು ಗುಟುಕು ಕುಡಿದಿದ್ದೀನಿ." ಇವಳಿಗೆ ಲಾಯರಮ್ಮ ಅಂತ ಹೆಸರಿಟ್ಟೆ. ಚಿಕ್ಕವನಿಗೆ ಐದು. ಮಾತು ಕಮ್ಮಿ, ಚಡ್ಡಿ ತುಂಬ ಜೇಬು, ಜೇಬಿನ ತುಂಬ ಪ್ರಪಂಚ. ಬಟ್ಟೆ ಒಗೆಯೋಕೆ ತೆಗೆದರೆ ಗೋಲಿ, ಗುಂಡಿ, ಸತ್ತ ದುಂಬಿ, ನನ್ನದೇ ಮನೆಯ ಬಾಗಿಲ ಚಿಲಕದ ಒಂದು ತಿರುಪು! ಇವನು ಜೇಬು.

ಇನ್ನು ಹದಿನಾಲ್ಕು.

ಏಪ್ರಿಲ್ 8, ಮಂಗಳವಾರ

ಮನೆಯಲ್ಲಿ ಬಿಡೋ ಹಾಗಿಲ್ಲ, ಆಫೀಸಿಗೇ ಕರೆದುಕೊಂಡು ಹೋದೆ. ಬಸ್ ನಿಲ್ದಾಣದ ಮೂಲೆಯಲ್ಲಿ ನನ್ನ ಕಳೆದ ವಸ್ತುಗಳ ಕೌಂಟರು. ಮೇಲ್ವಿಚಾರಕರು ಕನ್ನಡಕದ ಮೇಲಿಂದ ನೋಡಿ, "ಇವರಿಗೆ ಚೀಟಿ ಕಟ್ಟಿದ್ದೀರಾ?" ಅಂದರು. ಅವರು ನಗೋದಿಲ್ಲ. ಹಾಗಾಗಿ ತಮಾಷೆಯೋ ಬೈಗುಳವೋ ಗೊತ್ತಾಗಲಿಲ್ಲ.

ಛತ್ರಿಗಳ ರಾಶಿ, ಒಂಟಿ ಚಪ್ಪಲಿಗಳು, ಯಾರದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು, ಎಲ್ಲ ನೋಡಿ ಜೇಬುವಿನ ಕಣ್ಣು ತಟ್ಟೆಯಷ್ಟಾಯಿತು. ಒಬ್ಬ ಹೆಂಗಸು ಬಂದು ತನ್ನ ಕೈಚೀಲ ಗುರುತಿಸಿದಳು. ಅದರ ಜೊತೆ ಸಿಕ್ಕ ಹರಕಲು ಛತ್ರಿ ಬೇಡ ಅಂದಳು. ನಾನು ಬಿಡಲಿಲ್ಲ. "ಅಮ್ಮಾ, ಎರಡೂ ಒಂದೇ ಸೀಟಲ್ಲಿ ಸಿಕ್ಕಿದ್ದು, ಒಂದೇ ಚೀಟಿ, ಒಂದೇ ಸಂಖ್ಯೆ. ಒಟ್ಟಿಗೆ ಸಿಕ್ಕಿದ್ದನ್ನ ಬೇರೆ ಮಾಡೋ ಹಾಗಿಲ್ಲ. ತಗೊಂಡರೆ ಎರಡೂ ತಗೊಳ್ಳಿ, ಹೊರಗೆ ಹೋಗಿ ಎಸೀರಿ." ಗೊಣಗಿಕೊಂಡು ಎರಡೂ ತಗೊಂಡು ಹೋದಳು.

ಲಾಯರಮ್ಮ ಆಮೇಲೆ ಎರಡು ಸಲ ಕೇಳಿದಳು. "ಯಾವತ್ತೂ ಬೇರೆ ಮಾಡಲ್ವಾ?" ಯಾವತ್ತೂ ಇಲ್ಲ ಅಂದೆ. "ಯಾರು ಹೇಳಿದ್ರೂ?" ಯಾರು ಹೇಳಿದರೂ ಇಲ್ಲ, ನಿಯಮ ಅಂದರೆ ನಿಯಮ. "ಎಷ್ಟು ದಿನ ಇಟ್ಕೋತೀರಿ?" ತೊಂಬತ್ತು ದಿನ. ಕೆಲಸದ ಮೇಲೆ ಇಷ್ಟು ಆಸಕ್ತಿ ಇರೋ ಮಗು ನೋಡಿರಲಿಲ್ಲ.

ಇನ್ನು ಹನ್ನೆರಡು.

ಏಪ್ರಿಲ್ 10, ಗುರುವಾರ

ಕಸ ಗುಡಿಸೋ ಅಮ್ಮ ಒಂದು ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಳು. ಕಾಲುಸೇತುವೆಯ ಕಂಬಿಯ ಹಿಂದೆ ಸಿಕ್ಕಿತಂತೆ. ಪದ್ಧತಿ ಪ್ರಕಾರ ಸಂಖ್ಯೆ 212 ಅಂತ ಚೀಟಿ ಕಟ್ಟಿ, ರಿಜಿಸ್ಟರಿಗೆ ಹತ್ತಿಸಿ, ಆಮೇಲೆ ಮುಚ್ಚಳ ತೆಗೆದೆ. ಒಳಗೆ ಪುಟ್ಟ ಪುಸ್ತಕ, ಪೆನ್ಸಿಲ್ಲು, ಪ್ಲಾಸ್ಟಿಕ್ ಆನೆ, ಒಂದು ಸೀಟಿ, ಮತ್ತೆ ಒಂದು ಕಾಗದ: "ಇದು ಜಿಯೋಕ್ಯಾಶಿಂಗ್ ಅನ್ನೋ ಹುಡುಕಾಟದ ಆಟದ ಡಬ್ಬಿ. ಕಳೆದುಹೋದದ್ದಲ್ಲ, ಬಚ್ಚಿಟ್ಟದ್ದು. ಸಿಕ್ಕಿದವರು ಪುಸ್ತಕದಲ್ಲಿ ಹೆಸರು ಬರೆಯಿರಿ. ಏನಾದರೂ ತಗೊಂಡರೆ ಅಷ್ಟೇ ಬೆಲೆಬಾಳೋದು ಬಿಡಿ. ಡಬ್ಬಿ ಮಾತ್ರ ಇದ್ದಲ್ಲೇ ಇಡಿ."

"ಅತ್ತೆ! ಕಳೆದಿಲ್ಲ ಅಂತ ಅದೇ ಹೇಳ್ತಿದೆ. ಕಳೆಯದೇ ಇರೋದನ್ನ ನೀವು ಹಿಡಿದಿಟ್ಟುಕೊಂಡಿದ್ದೀರಿ" ಅಂದಳು ಲಾಯರಮ್ಮ.

ಮೇಲ್ವಿಚಾರಕರನ್ನು ಕೇಳಿದೆ. "ಚೀಟಿ ಕಟ್ಟಿದ ಮೇಲೆ ಮುಗೀತು. ವಾರಸುದಾರರ ಒಪ್ಪಿಗೆ ಬೇಕು." ಸರಿ, ಆ ಕಾಗದದಲ್ಲಿದ್ದ ಆ್ಯಪ್ ಹಾಕಿಕೊಂಡೆ. ಡಬ್ಬಿ ಇಟ್ಟವರ ಅಡ್ಡಹೆಸರು 'ಹಳೇ ಚಪ್ಪಲಿ'. ಎಂಥ ಜನ ಇರ್ತಾರಪ್ಪ! ವಿಷಯ ಬರೆದು ಕಳಿಸಿದೆ. ಎರಡೇ ನಿಮಿಷದಲ್ಲಿ ಉತ್ತರ: "ನಿಮ್ಮ ಜೊತೆಗಿರುವ ಮಕ್ಕಳೇ ನನ್ನ ಪರವಾಗಿ ಸಹಿ ಮಾಡಿ ವಾಪಸ್ ಇಟ್ಟುಬಿಡಲಿ."

ಲಾಯರಮ್ಮ ಸಹಿ ಮಾಡಿದಳು. ಜೇಬುಗೆ ಬರೆಯೋಕೆ ಬರಲ್ಲ. ಒಂದು ಚೌಕ, ಅದರ ಮೇಲೆ ಒಂದು ಗುಂಡಿ ಬರೆದ. ಅದು ಜೇಬಂತೆ. ಸೀಟಿ ತಗೊಂಡು, ಬದಲಿಗೆ ಒಂದು ಹಳೇ ಗೋಲಿ ಬಿಟ್ಟ.

ಇನ್ನು ಹತ್ತು.

ಏಪ್ರಿಲ್ 12, ಶನಿವಾರ

ಕೆಲಸ ಮುಗಿಸಿ ಕಾಲುಸೇತುವೆಗೆ ಹೋದ್ವಿ. ಆಟದ ನಿಯಮ ಏನಂದರೆ ಡಬ್ಬಿ ಇಡೋದು ಬೇರೆಯವರ ಕಣ್ಣಿಗೆ ಬೀಳಬಾರದು. ಸೇತುವೆ ಮೇಲೋ ಜಾತ್ರೆಯಷ್ಟು ಜನ. ನಾನು ಕಂಬಿಗೆ ಒರಗಿ ಬಸ್ಸುಗಳನ್ನು ಎಣಿಸುವವಳ ಹಾಗೆ ನಿಂತೆ, ಲಾಯರಮ್ಮ ನನ್ನ ಸೆರಗು ಸರಿಮಾಡುವವಳ ಹಾಗೆ ಅಡ್ಡ ನಿಂತಳು, ಜೇಬು ಸಂದಿಗೆ ತೂರಿಸಿದ. ಕಳ್ಳರ ಮನೆಯವರು ಅಂತ ಅಂದುಕೊಳ್ಳಬೇಕು ಯಾರಾದರೂ!

ಆ್ಯಪ್ ತೆಗೆದು ನೋಡಿದರೆ ಈ ಊರಲ್ಲಿ ಇಂಥವು ಇನ್ನೂ ಹನ್ನೊಂದು ಇವೆ. ಇಪ್ಪತ್ತು ವರ್ಷದಿಂದ ಇಲ್ಲೇ ಓಡಾಡ್ತಿದ್ದೀನಿ, ಒಂದೂ ಗೊತ್ತಿಲ್ಲ. "ನಾಳೆ ಒಂದು. ಒಂದೇ ಒಂದು" ಅಂದೆ. ಜೇಬು ಮಲಗುವಾಗ ಚಡ್ಡಿ ಬಿಚ್ಚಲಿಲ್ಲ, ಡಬ್ಬಿಯಲ್ಲಿ ಬದಲಿಗೆ ಇಡೋ ಸಾಮಾನೆಲ್ಲ ಅದರಲ್ಲಿದೆಯಂತೆ.

ಏಪ್ರಿಲ್ 13, ಭಾನುವಾರ

ಇಂಥ ಭಾನುವಾರ ನನ್ನ ಜನ್ಮದಲ್ಲಿ ಕಂಡಿಲ್ಲ. ಭಾನುವಾರ ಅಂದರೆ ನನಗೆ ಹತ್ತು ಗಂಟೆವರೆಗೂ ನಿದ್ದೆ. ಇವತ್ತು ಆರಕ್ಕೇ ಇಬ್ಬರೂ ಶೂ ಹಾಕಿಕೊಂಡು ನನ್ನ ತಲೆ ಹತ್ತಿರ ನಿಂತಿದ್ದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರಿನ ಬಾಟಲು ಕಟ್ಟಿಕೊಂಡು ದೊಡ್ಡ ಪಾರ್ಕಿಗೆ ಹೊರಟೆವು. ಸುಳಿವು ಏನಪ್ಪಾ ಅಂದರೆ "ಬಾಯಾರಿದವರ ಬೆನ್ನ ಹಿಂದೆ."

ಫೋನು ಹತ್ತು ಹೆಜ್ಜೆವರೆಗೂ ಸರಿಯಾಗಿ ಕರೆದುಕೊಂಡು ಹೋಗುತ್ತೆ, ಆಮೇಲೆ ಕುಡಿದವನ ಹಾಗೆ ಆಡುತ್ತೆ. ಎಡಕ್ಕೆ ಅನ್ನುತ್ತೆ, ಬಲಕ್ಕೆ ಅನ್ನುತ್ತೆ, ಬೇಲಿಯೊಳಗೆ ನುಗ್ಗು ಅನ್ನುತ್ತೆ. ನಾನು ಮಂಡಿಯೂರಿ ಪೊದೆಯೊಳಗೆ ತಲೆ ಹಾಕಿದೆ. ಹಿಂದಿನಿಂದ ಜೇಬು, "ಅತ್ತೆ ಸಿಕ್ಕಿಹಾಕ್ಕೊಂಡ್ರು!" ಅಂತ ಕಿರುಚಿದ. ಇಬ್ಬರೂ ಒಂದೊಂದು ಕಾಲು ಹಿಡಿದು ಎಳೆದರು. ಬಂದವಳು ನಾನೊಬ್ಬಳೇ, ಒಂದು ಚಪ್ಪಲಿ ಒಳಗೇ ಉಳಿಯಿತು. ಅದನ್ನು ತೆಗೆಯೋಕೆ ಮತ್ತೆ ನುಗ್ಗಬೇಕಾಯಿತು. ನಾವು ಮೂರೂ ಜನ ನಕ್ಕಿದ್ದು ನೋಡಿ ಬೆಳಗಿನ ವಾಕಿಂಗಿನವರು ದಾರಿ ಬದಲಿಸಿದರು.

ಕೊನೆಗೆ ನಲ್ಲಿಯ ಹಿಂದಿನ ಗೂಡಿನಲ್ಲಿ ಲಾಯರಮ್ಮನಿಗೇ ಸಿಕ್ಕಿತು. ಹಸಿರು ತಗಡಿನ ಡಬ್ಬಿ! ಒಳಗೆ ಪುಸ್ತಕ, ಪೆನ್ಸಿಲ್ ತುಂಡು, ಅರ್ಧ ಬಾಚಣಿಗೆ, ಹಿತ್ತಾಳೆಯ ಒಂದು ಹಿಡಿ. ಪುಸ್ತಕದ ತುಂಬ ತಾರೀಕು, ಪಕ್ಕದಲ್ಲಿ ಸರಿ ಗುರುತು. ನಮಗಿಂತ ಮುಂಚೆ ಎಷ್ಟು ಜನ ಬಂದಿದ್ದಾರೆ ನೋಡಿ ಅಂದೆ. ಲಾಯರಮ್ಮ ಬರೆದಳು: "ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಬಂದಿದ್ವಿ. ತುಂಬಾ ಖುಷಿಯಾಯ್ತು, ಧನ್ಯವಾದ." ಜೇಬು ತನ್ನ ಚೌಕ ಬರೆದ. ಹಿತ್ತಾಳೆ ಹಿಡಿ ತಗೊಂಡು, ತುಂಬ ಯೋಚನೆ ಮಾಡಿ, ತನ್ನ ನೀಲಿ ಗೋಲಿ ಬಿಟ್ಟ. ಅವನ ಹತ್ತಿರ ಇರೋದರಲ್ಲೆಲ್ಲ ಒಳ್ಳೇದು ಅದು. "ಇನ್ನೊಂದು ಯಾವುದಾದ್ರೂ ಬಿಡೋ" ಅಂದೆ. "ಅಷ್ಟೇ ಬೆಲೆದು ಬಿಡಬೇಕು ಅಂತ ಬರೆದಿತ್ತಲ್ಲ" ಅಂದ. ಐದು ವರ್ಷದವನು ನನಗೆ ನ್ಯಾಯ ಹೇಳಿದ.

ಹಿಂದೆ ಬರುವಾಗ ನಿದ್ದೆ ಬಂದು ಹೆಗಲ ಮೇಲೆ ಹತ್ತಿದ. ಸೊಂಟ ಹೋಗಿದ್ದು ಹೋಗಿದೆ, ಇನ್ನೇನು!

ಏಪ್ರಿಲ್ 14, ಸೋಮವಾರ

ಅಯ್ಯೋ ಮಾನ ಹೋಯಿತು.

ಬೆಳಗ್ಗೆ ಕೌಂಟರಿಗೆ ಬಂದವರು ಪಾರ್ಕಿನ ತೋಟದಯ್ಯ. "ಅಮ್ಮಾ, ನನ್ನ ನಲ್ಲಿ ತಿರುಗಿಸೋ ಹಿತ್ತಾಳೆ ಹಿಡಿ ಯಾರೋ ತಗೊಂಡು ಹೋಗಿದ್ದಾರೆ. ಇಲ್ಲಿಗೇನಾದ್ರೂ ಬಂದಿದೆಯಾ? ಕಳ್ಳರಾದ್ರೂ ಒಳ್ಳೆಯವರು. ಗೋಲಿ ಇಟ್ಟು ಹೋಗಿದ್ದಾರೆ. ನನ್ನ ನೀರು ಬಿಡೋ ಪುಸ್ತಕದಲ್ಲಿ 'ತುಂಬಾ ಖುಷಿಯಾಯ್ತು, ಧನ್ಯವಾದ' ಅಂತ ಬರೆದಿದ್ದಾರೆ. ಹದಿನೆಂಟು ವರ್ಷದಿಂದ ಗಿಡಕ್ಕೆ ನೀರು ಬಿಡ್ತಿದ್ದೀನಿ, ಇದುವರೆಗೂ ಒಬ್ಬರೂ ಧನ್ಯವಾದ ಹೇಳಿರಲಿಲ್ಲ!"

ಮೇಜಿನ ಕೆಳಗಿನಿಂದ ಒಂದು ಪುಟ್ಟ ಕೈ ಹಿತ್ತಾಳೆ ಹಿಡಿ ಎತ್ತಿ ಮೇಲಿಟ್ಟಿತು. ನಾನು ಭೂಮಿ ಬಾಯಿ ಬಿಡಬಾರದೇ ಅಂತ ನಿಂತಿದ್ದೆ. ತೋಟದಯ್ಯ ನೋಡಿದರು, ಅರ್ಥವಾಯಿತು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೋಲಿ ಮಾತ್ರ ಕೊಡಲ್ಲ ಮರಿ. ಬದಲಿಗೆ ಬಿಟ್ಟಿದ್ದು ಅಂದಮೇಲೆ ನಂದೇ. ನಿಮ್ಮ ಡಬ್ಬಿ ನಲ್ಲಿ ಹಿಂದೆ ಅಲ್ಲ, ಕುದುರೆ ಗೊಂಬೆಯ ನೀರಿನ ತೊಟ್ಟಿ ಹಿಂದೆ ನೋಡಿ." ಸಂಜೆ ಹೋಗಿ ನೋಡಿದ್ವಿ. ಇತ್ತು.

ಏಪ್ರಿಲ್ 17, ಗುರುವಾರ

ಸಂಜೆ ಲೈಬ್ರರಿ ಮುಂದಿನ ಡಬ್ಬಿ. ಒಂದು ಗಂಟೆ ಹುಡುಕಿದ್ವಿ. ಹೂಕುಂಡ, ಮೆಟ್ಟಿಲು, ಸೈಕಲ್ ಸ್ಟ್ಯಾಂಡು, ಒಂದೂ ಬಿಡಲಿಲ್ಲ. ನನಗೆ ಸಾಕಾಗಿ ಬೆಂಚಿನ ಮೇಲೆ ಕೂತೆ. "ಅತ್ತೆ, ಕಾಲು ಎತ್ತು" ಅಂದ ಜೇಬು. ಬೆಂಚಿನ ಅಡಿಗೇ ಅಯಸ್ಕಾಂತದಿಂದ ಅಂಟಿಸಿಟ್ಟಿದ್ದಾರೆ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಗಾದೆ ಹೇಳಿದ್ದಕ್ಕೆ ಜೇಬು ನನ್ನ ಕಂಕುಳು ಎತ್ತಿ ನೋಡಿದ.

ಲಾಯರಮ್ಮ ಪ್ರತಿ ಪುಸ್ತಕದಲ್ಲೂ ಒಂದೇ ಸಾಲು ಬರೀತಾಳೆ, ಅಕ್ಷರಕ್ಕೆ ಅಕ್ಷರ: "ಅಕ್ಕ, ತಮ್ಮ ಇಬ್ಬರೂ ಒಟ್ಟಿಗೆ ಬಂದಿದ್ವಿ." ಬೇರೆ ಏನಾದ್ರೂ ಬರಿಯೇ, ಹವಾಮಾನ ಬರಿ ಅಂದೆ. "ಇದು ದಾಖಲೆ" ಅಂದಳು. ವಕೀಲರ ಮುಂದೆ ವಾದ ಯಾಕೆ!

ಮಂಚಕ್ಕೆ ಅಡ್ಡಡ್ಡ ಮಲಗಿದರೆ ಮೂರು ಜನ ಹಿಡಿಸುತ್ತೆ ಅಂತ ಗೊತ್ತಾಯಿತು. ಕಾಲಿಗೆ ಎರಡು ಸ್ಟೂಲು ಬೇಕು, ಅಷ್ಟೇ.

ಏಪ್ರಿಲ್ 19, ಶನಿವಾರ

ಅರ್ಧ ದಿನ ರಜೆ ಹಾಕಿ ನದಿ ದಂಡೆಯ ಡಬ್ಬಿಗೆ ಹೋದ್ವಿ. ಅದಕ್ಕೆ ನಾಲ್ಕು ನಕ್ಷತ್ರ, ಅಂದರೆ ಮಹಾ ಕಷ್ಟ. ಸುಳಿವು "ನಿಂತವನ ನೆರಳು." ನಿಂತವರೆಲ್ಲರ ನೆರಳೂ ಹುಡುಕಿದ್ವಿ. ದೀಪದ ಕಂಬ, ಮೀನು ಹಿಡಿಯೋ ಮುದುಕ, ಒಂದು ಹಸು. ಸಿಗಲಿಲ್ಲ. ಕೆಸರಲ್ಲಿ ಜೇಬು ಬಿದ್ದ, ಅವನನ್ನು ಎತ್ತೋಕೆ ಹೋಗಿ ನಾನು ಬಿದ್ದೆ, ನಮ್ಮನ್ನು ನೋಡಿ ನಕ್ಕು ಲಾಯರಮ್ಮನೂ ಬಿದ್ದಳು. ಫೋನಿನ ಚಾರ್ಜು ಮುಗಿಯಿತು. 'ಸಿಗಲಿಲ್ಲ' ಅಂತ ಆ್ಯಪಿನಲ್ಲಿ ಒತ್ತೋಕೆ ಮೂವರಿಗೂ ಮನಸ್ಸಿಲ್ಲ.

ಮನೆಗೆ ಬಂದು ಮೂವರ ಬಟ್ಟೆ ಒಗೆದು ಹಾಕಿ ಕೂತಿದ್ದೀನಿ. ಏನೋ ಮರೆತಿದ್ದೀನಿ ಅನ್ನಿಸ್ತಾ ಇದೆ. ಹಾಲು ತಂದಾಯ್ತು. ಗ್ಯಾಸು ಆರಿಸಾಯ್ತು. ನಾಳೆಗೆ ಮೊಟ್ಟೆ ಇದೆ. ಏನೋ ಗೊತ್ತಿಲ್ಲ. ಲಾಯರಮ್ಮ ಮಾತ್ರ ಇಡೀ ಸಂಜೆ ನನ್ನ ಫೋನನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ತಿದ್ದಳು. ಅಮ್ಮನ ನೆನಪಾಯಿತೇನೋ ಪಾಪ.

ಏಪ್ರಿಲ್ 20, ಭಾನುವಾರ

ಎದ್ದಾಗ ಇಬ್ಬರೂ ಸೋಫಾ ತುದಿಯಲ್ಲಿ ಕೂತಿದ್ದರು. ಸ್ನಾನ ಆಗಿತ್ತು, ತಲೆ ಬಾಚಿತ್ತು, ಶೂ ಹಾಕಿತ್ತು. ಎರಡು ಬ್ಯಾಗೂ ಬಾಗಿಲ ಹತ್ತಿರ. ಇವತ್ತೂ ಹೊರಡೋ ಉತ್ಸಾಹ ಅಂತ ಅಂದುಕೊಂಡೆ. "ಬ್ಯಾಗ್ ಯಾಕ್ರೋ? ನದಿಗೆ ಬಟ್ಟೆ ಬೇರೆ ತಗೊಂಡು ಹೋಗಬೇಕಾ?" ಅಂತ ನಕ್ಕೆ. ಯಾರೂ ನಗಲಿಲ್ಲ.

ಲಾಯರಮ್ಮ ಒಂದು ಚೀಟಿ ಕೊಟ್ಟಳು. "ಅತ್ತೆ, ಒಂದು ಹೊಸ ಡಬ್ಬಿ ಇಟ್ಟಿದ್ದೀವಿ. ನೀನೊಬ್ಬಳೇ ಹುಡುಕಬೇಕು." ಸುಳಿವು: "ಅತ್ತೆ ದಿನಾ ಬಚ್ಚಿಡೋದರ ಪಕ್ಕ."

ನಾನು ದಿನಾ ಬಚ್ಚಿಡೋದು ಒಂದೇ ಒಂದು. ಈ ಪುಸ್ತಕ. ಬೀರುವಿನ ಕೆಳಗಿನ ಖಾನೆ, ಹಳೇ ಸ್ವೆಟರಿನ ಒಳಗೆ. ಕೈ ಹಾಕಿದರೆ ಪುಸ್ತಕದ ಪಕ್ಕದಲ್ಲಿ ನನ್ನದೇ ಊಟದ ಡಬ್ಬಿ. ಒಳಗೆ ಆಫೀಸಿನ ಕಂದು ಚೀಟಿ, ದಾರ ಸಮೇತ. ಲಾಯರಮ್ಮನ ಗುಂಡು ಅಕ್ಷರ:

"ಸಂಖ್ಯೆ: 1
ವಸ್ತು: ಅಕ್ಕ ಒಂದು, ತಮ್ಮ ಒಂದು
ಸಿಕ್ಕ ಸ್ಥಳ: ಅತ್ತೆ ಮನೆ
ಷರಾ: ಒಟ್ಟಿಗೆ ಸಿಕ್ಕಿದ್ದು. 90 ದಿನ."

ಕೆಳಗೆ ಒಂದು ಚೌಕ, ಮೇಲೊಂದು ಗುಂಡಿ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ನೆನಪಾಯಿತು, ನಿನ್ನೆ ಹತ್ತೊಂಬತ್ತು. ಫೋನ್ ಮಾಡಬೇಕಾಗಿದ್ದು ನಿನ್ನೆ. ಅವತ್ತು ಅಡುಗೆಮನೆಯಲ್ಲಿ ಆಡಿದ ಮಾತು ಅಷ್ಟೂ ಇವರ ಕಿವಿಗೆ ಬಿದ್ದಿದೆ! ಹದಿನೈದು ದಿನದಿಂದ ಈ ಮಕ್ಕಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ನಕ್ಕಿದ್ದಾರೆ.

"ನನ್ನ ಪುಸ್ತಕ ಓದಿದ್ರಾ?" ಅಂದೆ.

"ಇಲ್ಲ. ಬೇರೆಯವರ ದಿನಚರಿ ಓದಬಾರದು. ಪ್ರತಿ ದಿನದ ಕೊನೇ ಸಾಲು ಮಾತ್ರ ನೋಡಿದ್ವಿ" ಅಂದಳು ಲಾಯರಮ್ಮ. "ಹದಿನೈದು, ಹದಿನಾಲ್ಕು, ಹನ್ನೆರಡು, ಹತ್ತು ಅಂತ ಇದೆ. ಹತ್ತರ ಮೇಲೆ ಇಲ್ಲ. ಮರೆತುಬಿಟ್ಟಿದ್ದಾಳೆ ಅಂತ ಇವನು ಅಂದ. ಮರೆತಿದ್ರೆ ಒಳ್ಳೇದು ಅಂತ ನಾವು ಸುಮ್ಮನಿದ್ವಿ. ಆದ್ರೆ ಮರೆತಿರೋದು ಯಾವಾಗಾದ್ರೂ ನೆನಪಾಗುತ್ತಲ್ಲ, ಅದಕ್ಕೇ ಚೀಟಿ ಬರೆದೆ."

ಈಗ ಪುಟ ತಿರುಗಿಸಿ ನೋಡಿದೆ. ಹೌದು, ಹತ್ತರ ಮೇಲೆ ಬರೆದೇ ಇಲ್ಲ. ಯಾಕೆ ಬಿಟ್ಟೆನೋ ನನಗೂ ಗೊತ್ತಿಲ್ಲ, ನಿದ್ದೆ ಬಂದಿತ್ತೇನೋ.

ಜೇಬು ಬಂದು ತನ್ನ ಜೇಬುಗಳನ್ನೆಲ್ಲ ನನ್ನ ಮಡಿಲಿಗೆ ಸುರಿದ. ಗುಂಡಿ, ಸೀಟಿ, ದುಂಬಿ, ಚಿಲಕದ ತಿರುಪು. "ಇಷ್ಟು ಕೊಡ್ತೀನಿ. ಅಷ್ಟೇ ಬೆಲೆ ಆಗುತ್ತಾ?"

ಅತ್ತುಬಿಟ್ಟೆ. ಜೋರಾಗಿಯೇ ಅತ್ತುಬಿಟ್ಟೆ, ಇಬ್ಬರನ್ನೂ ತಬ್ಬಿಕೊಂಡು, ನಾಚಿಕೆ ಬಿಟ್ಟು. ಆಮೇಲೆ ಅಣ್ಣನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. "ಏನಣ್ಣಾ, ಮಕ್ಕಳೇನು ಜೋಡಿ ಚಪ್ಪಲೀನಾ, ಎಡಗಾಲಿಂದು ಒಂದೂರು, ಬಲಗಾಲಿಂದು ಒಂದೂರು ಅಂತ ಇಡೋಕೆ? ಇಬ್ಬರೂ ನನ್ನ ಹತ್ರಾನೇ ಇರ್ತಾರೆ. ಒಬ್ಬರೂ ಬರೋದು ಬೇಡ."

"ನೀನೇ ಅಲ್ವೇನೇ ಹದಿನೈದು ದಿನ ಅಂದಿದ್ದು?" ಅಂದ ಅಣ್ಣ.

"ನಾನು ಅಂದೆ ಅಂತ ನೀನು ಕೇಳೋದಾ?" ಅಂದು ಫೋನ್ ಇಟ್ಟೆ.

ಬ್ಯಾಗು ಎರಡನ್ನೂ ಖಾಲಿ ಮಾಡಿ ಬೀರುವಿಗೆ ಜೋಡಿಸಿದೆ. ನನ್ನ ಸೀರೆಗಳು ಮೂಟೆ ಕಟ್ಟಿಕೊಂಡು ಮೇಲಿನ ಅಟ್ಟಕ್ಕೆ ಹೋದವು.

ಮೇ 4, ಭಾನುವಾರ

ಏಳನೇ ಡಬ್ಬಿ. ಜೇಬು ತಾನೇ ಹುಡುಕಿದ, ಮರದ ಪೊಟರೆಯಲ್ಲಿ. ಅಲ್ಲೇ ಕುಣಿದ.

ಮೇ 9, ಶುಕ್ರವಾರ

ಅತ್ತಿಗೆಗೆ ರಕ್ತದೊತ್ತಡ ಏರಿದೆಯಂತೆ. ಅಣ್ಣನ ದನಿ ಸರಿಯಿರಲಿಲ್ಲ. ಮಕ್ಕಳಿಗೆ ಹೇಳಬೇಡ ಅಂದ. ಹೇಳಿದೆ. ಇವರ ಹತ್ತಿರ ಮುಚ್ಚಿಟ್ಟು ಏನಾಗುತ್ತೆ ಅಂತ ಒಂದು ಸಲ ನೋಡಿದ್ದು ಸಾಕು. ಲಾಯರಮ್ಮ ಫೋನ್ ಇಸಿದುಕೊಂಡು ಅಮ್ಮನಿಗೆ ಆರೂವರೆ ನಿಮಿಷ ಬರೀ ಡಬ್ಬಿಗಳ ಕಥೆ ಹೇಳಿದಳು. ತೋಟದಯ್ಯನ ಕಥೆಗೆ ಅತ್ತಿಗೆ ನಕ್ಕಿದ್ದು ನನಗೂ ಕೇಳಿಸಿತು. ನಾಳೆ ಒತ್ತಡ ಇಳಿದರೆ ಅದಕ್ಕೆ ಔಷಧಿಯೇ ಕಾರಣ ಅಂತ ನಾನು ಒಪ್ಪಲ್ಲ.

ಮೇ 10, ಶನಿವಾರ

ಇಳಿದಿದೆ!

ಮೇ 15, ಗುರುವಾರ

'ಹಳೇ ಚಪ್ಪಲಿ' ಯಾರು ಅಂತ ಲಾಯರಮ್ಮ ಕಂಡುಹಿಡಿದಳು. ಡಬ್ಬಿಯ ಕಾಗದದಲ್ಲಿದ್ದ ಅಕ್ಷರವೂ, ನನ್ನ ರಿಜಿಸ್ಟರಿನಲ್ಲಿ 'ಪರಿಶೀಲಿಸಿದೆ' ಅಂತ ದಿನಾ ಬರೆಯೋ ಅಕ್ಷರವೂ ಒಂದೇ. ಮೇಲ್ವಿಚಾರಕರು!

"ಸರ್, ನಿಮ್ಮದೇ ಡಬ್ಬಿಗೆ ವಾರಸುದಾರರ ಒಪ್ಪಿಗೆ ತನ್ನಿ ಅಂತ ನನ್ನನ್ನ ಕುಣಿಸಿದ್ರಲ್ಲ!"

"ಡ್ಯೂಟಿ ಬೇರೆ, ಆಟ ಬೇರೆ" ಅಂದರು. ಆಗ ಮೊದಲ ಸಲ ಅವರ ಹಲ್ಲು ನೋಡಿದೆ. ನದಿ ದಂಡೆಯದೂ ಅವರದೇ ಅಂತೆ. ಎಲ್ಲಿದೆ ಅಂತ ಹೇಳಿ ಸರ್ ಅಂತ ಮೂವರೂ ಗೋಗರೆದೆವು. ಊಹೂಂ.

ಮೇ 23, ಶುಕ್ರವಾರ

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಣ್ಣ ಫೋನಿನಲ್ಲಿ ಅಳ್ತಿದ್ದ, ನಾನೂ ಅಳ್ತಿದ್ದೆ, ಕೌಂಟರಿನ ಮುಂದೆ ಹೆಲ್ಮೆಟ್ ಕೇಳಿಕೊಂಡು ಬಂದವನು ತನ್ನ ಹೆಲ್ಮೆಟ್ ಸಿಗಲಿಲ್ಲವೇನೋ ಅಂತ ನನಗೆ ಸಮಾಧಾನ ಮಾಡಿದ. ಮೇಲ್ವಿಚಾರಕರು ಇಡೀ ನಿಲ್ದಾಣಕ್ಕೆ ಚಹಾ ಹೇಳಿದರು. ಜೇಬು ನಲವತ್ತು ಸಲ ಸೀಟಿ ಊದಿದ, ಯಾರೂ ಬೈಯಲಿಲ್ಲ.

"ಪಾಪು ಯಾವ ಡಬ್ಬೀಲಿತ್ತು?" ಅಂತ ಕೇಳಿದ. ಉತ್ತರ ಹೇಳೋ ಕೆಲಸ ಅವರಪ್ಪನಿಗೆ ಬಿಟ್ಟಿದ್ದೀನಿ.

ಜೂನ್ 1, ಭಾನುವಾರ

ಬೆಳಗ್ಗೆ ಅಣ್ಣ ಕಾರು ಮಾಡಿಕೊಂಡು ಬಂದ, ಹಿಂದಿನ ಸೀಟಿನಲ್ಲಿ ಅತ್ತಿಗೆ, ಮಡಿಲಲ್ಲಿ ಬಟಾಣಿಯಷ್ಟು ಮುಖದ ಪಾಪು. ಮಕ್ಕಳು ಅಮ್ಮನ ಮೇಲೆ ಬಿದ್ದರು. ಅತ್ತಿಗೆ ಅವರನ್ನು ಮುಟ್ಟಿ ಮುಟ್ಟಿ ನೋಡಿ, "ಇಷ್ಟು ಕಪ್ಪಾಗಿದ್ದೀರಲ್ರೋ! ಮಂಡಿಯೆಲ್ಲ ಗಾಯ! ಅತ್ತೆ ಏನು ಮಾಡಿಸಿದ್ಲು?" ಅಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಲಾಯರಮ್ಮ ಅಷ್ಟು ಸುಲಭಕ್ಕೆ ಹೊರಡಲಿಲ್ಲ. ಚೀಟಿ ತಂದು ಅಪ್ಪನ ಮುಂದೆ ಹಿಡಿದಳು. "ಪಡೆದವರ ಸಹಿ." ಅಣ್ಣ ಓದಿದ. ಸಹಿ ಮಾಡಿ ಕೊಟ್ಟ. ನೋಡೋಕೆ ಕೊಡೇ ಅಂದೆ, ಅವಳು ಚೀಟಿಯನ್ನು ಜೇಬುವಿನ ಜೇಬಿಗೆ ಹಾಕಿದಳು.

ಹೋಗುವಾಗ "ಇವತ್ತೇ ಆಫೀಸಿನ ಮುಂದೆ ಐದು ನಿಮಿಷ ನಿಲ್ಲಿಸಿ, ಸರ್‌ಗೆ ಟಾಟಾ ಹೇಳಬೇಕು, ಭಾನುವಾರವೂ ಅವರಿಗೆ ಡ್ಯೂಟಿ" ಅಂತ ಹಟ ಹಿಡಿದರು. ಕಾರು ತಿರುವಿನಲ್ಲಿ ಮರೆಯಾಗೋವರೆಗೂ ಜೇಬುವಿನ ಕೈ ಕಿಟಕಿಯಲ್ಲಿತ್ತು.

ಇಡೀ ಮಂಚ ನನ್ನದು. ಕೈಕಾಲು ಚಾಚಿ ಮಲಗಿ ನೋಡಿದೆ. ಇಷ್ಟು ದೊಡ್ಡ ಮಂಚ ಯಾಕೆ ತಗೊಂಡಿದ್ದೆನೋ.

ಜೂನ್ 2, ಸೋಮವಾರ

ಕೌಂಟರಿನಲ್ಲಿ ಇಡೀ ಬೆಳಗ್ಗೆ ಮೂರು ಛತ್ರಿ, ಒಂದು ಕೊಳಲು. ಸದ್ದೇ ಇಲ್ಲ. ಯಾರೂ ನನ್ನನ್ನು ಯಾಕೆ ಅಂತ ಕೇಳಲಿಲ್ಲ.

ಮಧ್ಯಾಹ್ನ ಕಸ ಗುಡಿಸೋ ಅಮ್ಮ ನನ್ನ ಕಾಲು ಎತ್ತಿಸಿ ಮೇಜಿನ ಅಡಿ ಪೊರಕೆ ಹಾಕಿದಳು. "ಇದೇನಮ್ಮಾ ಅಂಟ್ಕೊಂಡಿದೆ?" ಒಂದು ಪುಟ್ಟ ತಗಡಿನ ಡಬ್ಬಿ, ಅಯಸ್ಕಾಂತದ್ದು. ನಾನು ಬೆಳಗ್ಗಿನಿಂದ ಅದರ ಮೇಲೇ ಮೊಣಕೈ ಊರಿಕೊಂಡು ಕೂತಿದ್ದೆ. ಮೇಲ್ವಿಚಾರಕರು ದೂರದಲ್ಲಿ ತುಂಬ ಗಂಭೀರವಾಗಿ ಕಿಟಕಿಯಾಚೆ ನೋಡ್ತಿದ್ದರು.

ಒಳಗೆ ಅದೇ ಕಂದು ಚೀಟಿ. ಅಣ್ಣನ ಸಹಿ ಇತ್ತು. ಆದರೆ ವಸ್ತುವಿನ ಸಾಲಿಗೆ ಬೇರೆ ಪೆನ್ಸಿಲಿನಲ್ಲಿ ಇನ್ನೊಂದು ಸೇರಿಕೊಂಡಿತ್ತು:

"ವಸ್ತು: ಅಕ್ಕ ಒಂದು, ತಮ್ಮ ಒಂದು, ಅತ್ತೆ ಒಂದು.
ಷರಾ: ಒಟ್ಟಿಗೆ ಸಿಕ್ಕಿದ್ದು. ಅಪ್ಪ ಎರಡೇ ತಗೊಂಡು ಹೋಗಿದ್ದಾರೆ, ಇದು ತಪ್ಪು. ಒಂದನ್ನು ಭಾನುವಾರ ಬಂದು ತಗೊಂಡು ಹೋಗ್ತೀವಿ. ನದಿ ಡಬ್ಬಿ ಇನ್ನೂ ಸಿಕ್ಕಿಲ್ಲ."

ಚೀಟಿಯ ಕೆಳಗೆ ಒಂದು ಚೌಕ. ಡಬ್ಬಿಯ ತಳದಲ್ಲಿ ನನ್ನ ಬಾಗಿಲ ಚಿಲಕದ ತಿರುಪು.

ರಿಜಿಸ್ಟರಿಗೆ ಹತ್ತಿಸಿಲ್ಲ. ಇದು ಕಳೆದುಹೋದದ್ದಲ್ಲ. ಸಂಜೆ ಬರುವಾಗ ಮೊಟ್ಟೆ, ಬ್ರೆಡ್ಡು ತಂದಿಟ್ಟಿದ್ದೀನಿ. ಈಗಲೇ ತಂದರೆ ಹಳಸುತ್ತೆ ಅಂತ ಗೊತ್ತು, ಆದರೂ ತಂದೆ.

ಇನ್ನು ಆರು.